ಗಂಗಾವತಿ ಗಟಾರ

ಯಲಬುರ್ಗಾದ ಹತ್ತಿ ಸಾಹುಕಾರರ ಮನೆಯನ್ನು ಪಾಯದಿಂದ ಮಾಳಿಗೆಯವರೆಗೆ ನಾನೇ ಕಟ್ಟಿದ್ದು. ಆದರೆ ಊರಿನ ಬಾಯಲ್ಲಿ ನನ್ನ ಹೆಸರಿಗೆ ಅಂಟಿಕೊಂಡದ್ದು ಅದರ ದಕ್ಷಿಣದ ಗೋಡೆ ಮಾತ್ರ. ಬಿರುಕು ಬಿಟ್ಟದ್ದು ಅದೊಂದೇ. ನೆಟ್ಟಗೆ ನಿಂತ ಉಳಿದ ಮೂರು ಗೋಡೆಗಳನ್ನು ಯಾರು ಕಟ್ಟಿದರೆಂದು ಕೇಳುವ ಗರಜು ಯಾರಿಗೂ ಇರಲಿಲ್ಲ.

ನಿಜಾಮರ ಆಳ್ವಿಕೆಯ ದಿನಗಳು. ಸಿಮೆಂಟಿನ ಹೆಸರು ಕೇಳಿದ್ದೆವೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಸುಣ್ಣ, ಉಸುಕು ಕೂಡಿಸಿ ಗಾಣದಲ್ಲಿ ಅರೆದ ಗಚ್ಚಿನ ಮೇಲೆಯೇ ನಮ್ಮ ಕೆಲಸವೆಲ್ಲ ನಡೆಯುತ್ತಿತ್ತು. ನಾನು ಕುಕನೂರಿನ ಗೌಂಡಿ. ಅಪ್ಪನೂ ಗೌಂಡಿ. ಅವನು ತೀರಿಕೊಂಡ ಮೇಲೆ ಬೇರೆಯವರ ಮಾತು ಕೇಳದೆ ನಾನೊಬ್ಬನೇ ನಿಂತು ಮುಗಿಸಿದ ಮೊದಲ ಮನೆ ಅದು. ಯಲಬುರ್ಗಾಕ್ಕೆ ಹೋದಾಗಲೆಲ್ಲ ಕೆಲಸವಿರಲಿ ಬಿಡಲಿ, ಆ ಓಣಿಯನ್ನು ಹಾದೇ ಬರುತ್ತಿದ್ದೆ. ಹೆಣ್ಣು ಕೊಟ್ಟ ಮನೆಯ ಮುಂದೆ ಹಾಯುವ ತಂದೆಯ ಹಾಗೆ ಒಮ್ಮೆ ಒಳಗೆ ಇಣುಕಿ ಬರದಿದ್ದರೆ ನನಗೆ ಸಮಾಧಾನವಿಲ್ಲ.

ಆ ಸೀಮೆಯದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಸೀಳುತ್ತದೆ. ಅದಕ್ಕೇ ನಾವು ಎರೆಯನ್ನು ದಾಟಿ, ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆದು ಪಾಯ ಹಾಕುತ್ತೇವೆ. ಮೂರು ಕಡೆ ಗರಸು ಸಿಕ್ಕಿತ್ತು. ದಕ್ಷಿಣಕ್ಕೆ ಎಷ್ಟು ಅಗೆದರೂ ಸಿಗಲಿಲ್ಲ. ಅಗಲವಾದ ಚಪ್ಪಡಿಗಳನ್ನು ಹಾಸಿ ಅವುಗಳ ಮೇಲೆ ಗೋಡೆ ಎಬ್ಬಿಸಿದೆ. ಅಂಥ ಕಡೆ ಎಲ್ಲ ಗೌಂಡಿಗಳೂ ಮಾಡುವುದೇ ಅದು. ಆ ಪಾಯ ನಿಲ್ಲುತ್ತದೆ, ಆದರೆ ಅದರ ಹತ್ತಿರ ನೀರು ಸುಳಿಯಬಾರದು.

ನೀರು ಸುಳಿಯುವುದೇನು, ಅಲ್ಲೇ ಠಿಕಾಣಿ ಹೂಡಿತು. ನಾನು ಬೆನ್ನು ತಿರುಗಿಸಿದ ಮೇಲೆ ಸಾಹುಕಾರರ ತಾಯಿ ಆ ಗೋಡೆಯ ಬುಡದಲ್ಲಿ ಮಲ್ಲಿಗೆ ಹಚ್ಚಿದರು, ಬಾಳೆ ಹಚ್ಚಿದರು. ಬಚ್ಚಲ ನೀರನ್ನು ಅತ್ತ ತಿರುಗಿಸಿದರು. ಮಾಳಿಗೆಯ ನೀರು ಬೀಳುವ ಹರನಾಳವೂ ಅದೇ ಕಡೆಗಿತ್ತು. ಬಂದ ನೀರು ಅಂಗಳ ಬಿಟ್ಟು ಹೋಗದಿರಲೆಂದು, ಹೊಲಕ್ಕೆ ಹಾಕುವ ಹಾಗೆ ಸುತ್ತ ಒಂದು ಸಣ್ಣ ಒಡ್ಡು ಬೇರೆ ಹಾಕಿಸಿದರು. ನೀರಿಗಾಗಿ ಬೆಳಗಾದರೆ ಹಳ್ಳಕ್ಕೆ ಹೋಗುವ ಊರಿನವರಿಗೆ ನೀರನ್ನು ಹೊರಗೆ ಬಿಡುವುದೆಂದರೆ ಪ್ರಾಣ ಹೋದಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಮಾಳಿಗೆಯ ಕಡೆಗೆ ಓರೆಯಾಗಿ ಒಂದು ಬಿರುಕು ಎದ್ದಿತು. ಬೆರಳು ಹೋಗುವಷ್ಟು.

ನಾನು ಗಚ್ಚು ತುಂಬಿದೆ. ಮರುವರ್ಷ ಮತ್ತೆ ಬಾಯಿ ಬಿಟ್ಟಿತು. ಮತ್ತೆ ತುಂಬಿದೆ. ಆಗ ಸಾಹುಕಾರರು ನನಗೆ ಒಂದು ಮಾತೂ ಹೇಳದೆ ಗಂಗಾವತಿಯಿಂದ ಮೇಸ್ತ್ರಿಯೊಬ್ಬನನ್ನು ಕರೆಸಿದರು.

ಆ ‘ಮೇಸ್ತ್ರಿ’ ಎಂಬ ಪದದಿಂದಲೇ ನನ್ನ ಸಂಕಟ ಶುರುವಾಯಿತು. ಅವನೂ ಕಲ್ಲು ಕೂಡಿಸುವವನು, ನಾನೂ ಕಲ್ಲು ಕೂಡಿಸುವವನು. ಅವನು ಮೇಸ್ತ್ರಿಯವರು, ನಾನು ಗೌಂಡ್ಯಾ. ಅವನು ಆನೆಗೊಂದಿಯ ಕಡೆ ಕಾಲುವೆಗಳನ್ನು ಕಟ್ಟಿದವನಂತೆ. ಕೊಪ್ಪಳದವರೆಗೆ ಮೋಟಾರಿನಲ್ಲಿ ಬಂದನಂತೆ. ತಲೆಗೆ ಬಿಳಿ ರುಮಾಲು, ನಡು ಹರೆಯ, ನಗುಮುಖ. ಅವನಿಗೆ ಕಪ್ಪುಬಸಿಯಲ್ಲಿ ಚಹಾ ಬಂತು. ಆ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸಿದ ನನಗೆ ಇವತ್ತಿಗೂ ಅಲ್ಲಿ ಲೋಟದಲ್ಲೇ ಚಹಾ.

ಎಲ್ಲಕ್ಕಿಂತ ನನ್ನ ಕಣ್ಣು ಕುಕ್ಕಿದ್ದು ಅವನ ರಸಮಟ್ಟ. ಹಿತ್ತಾಳೆಯದು, ನಡುವೆ ಗಾಜಿನ ಕೊಳವೆ, ಅದರೊಳಗೆ ಆಚೀಚೆ ಓಡಾಡುವ ಒಂದು ಗುಳ್ಳೆ. ನನ್ನ ಹತ್ತಿರ ಮಟ್ಟ ನೋಡಲಿಕ್ಕೆ ಇದ್ದದ್ದು ನೀರು ತುಂಬಿದ ತಾಟು, ದಾರ, ತೂಕದ ಗುಂಡು. ಅವನು ಅದನ್ನು ಕೆಂಪು ಬಟ್ಟೆಯಿಂದ ಬಿಚ್ಚಿ ನನ್ನ ಪಾಯದ ಕಟ್ಟೆಯ ಮೇಲಿಟ್ಟಾಗ ಮನೆಯವರೆಲ್ಲ ಬಗ್ಗಿ ನೋಡಿದರು. ಮೂಲೆ ಮೇಲೆದ್ದಿದೆ ಎಂದು ಗುಳ್ಳೆ ಹೇಳಿತು. ನಾನು ವರ್ಷದಿಂದ ಬಾಯಿ ಬಿಟ್ಟು ಹೇಳುತ್ತಿದ್ದುದೂ ಅದನ್ನೇ. ಗುಳ್ಳೆಯ ಮಾತನ್ನು ಎಲ್ಲರೂ ಒಪ್ಪಿದರು.

ಸಾಹುಕಾರರ ತಾಯಿ ಕಟ್ಟೆಯ ಮೇಲೆ ಕೂತಿದ್ದರು. ಓಣಿಯವರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದುದು. ಅವರು ಮಣ್ಣಿನ ಗುಣ ಹೇಳತೊಡಗಿದರು.

“ನಮ್ಮ ಎರಿ ಹಂಗಿಂಗ ಅಲ್ರಿ ಮೇಸ್ತ್ರಿಯವರ. ಎಷ್ಟು ನೀರು ಕೊಟ್ರೂ ಕುಡೀತೈತಿ.”

“ಹೌದೇನ್ರಿ ಅವ್ವಾರ? ಒಂದು ಕೊಡ ನೀರು ತರಸ್ರಿ, ನೋಡೂಣು,” ಅಂದ ಅವನು.

ರಣಬಿಸಿಲಿನ ದಿನ. ಅಂಗಳದ ಎರೆ ಮುಷ್ಟಿ ಹೋಗುವಷ್ಟು ಸೀಳಿತ್ತು. ಅವನು ಆ ಸೀಳಿನೊಳಗೆ ಕೊಡ ಬಗ್ಗಿಸಿದ. ಗಳಗಳ ಎಂದು ನೀರೆಲ್ಲ ಇಳಿದು ಮಾಯವಾಯಿತು, ಒಂದು ಹನಿ ಮೇಲೆ ನಿಲ್ಲಲಿಲ್ಲ.

“ಎಷ್ಟು ಛಲೋ ಇಂಗ್ತೈತ್ರಿ!” ಅಂದ.

ನನ್ನ ಕಿವಿ ಚುರುಕಾದದ್ದು ಆಗಲೇ. ಅವ್ವ ಹೇಳಿದ್ದು ಕುಡಿಯುತ್ತದೆ ಎಂದು, ಅವನು ಕೇಳಿಸಿಕೊಂಡದ್ದು ಇಂಗುತ್ತದೆ ಎಂದು. ಹೊಳೆ ದಂಡೆಯವನಿಗೆ ಎರಡೂ ಒಂದೇ. ನಮ್ಮ ಕಡೆ ಎರೆ ನೀರನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಕೆಳಗೆ ಬಿಟ್ಟುಕೊಡುವುದಿಲ್ಲ.

ಅವನು ಯೋಜನೆ ಹೇಳಿದ. ದಕ್ಷಿಣದ ಗೋಡೆಗೆ ಅಂಟಿಕೊಂಡೇ ನಡುಮಟ್ಟದ ಕಂದಕ ತೋಡುವುದು. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಉಸುಕು ತುಂಬುವುದು. ಹರನಾಳದ ನೀರು, ಬಚ್ಚಲ ನೀರು ಎರಡನ್ನೂ ಅದರೊಳಗೆ ಬಿಡುವುದು. “ಒಂದು ಹನಿ ಮ್ಯಾಲ ನಿಲ್ಲಂಗಿಲ್ರಿ, ಒಂದು ಹನಿ ಹೊರಗ ಹೋಗಂಗಿಲ್ರಿ,” ಅಂದ. ಹೊರಗೆ ಹೋಗುವುದಿಲ್ಲ ಎಂದದ್ದೇ ತಡ, ಅವ್ವನ ಮುಖ ಅರಳಿತು.

ನಾನು ತಡೆದುಕೊಳ್ಳಲಾರದೆ ಮುಂದೆ ಬಂದೆ. “ಅದು ಇಂಗಂಗಿಲ್ರಿ ಸಾಹುಕಾರ್ರ. ಬ್ಯಾಸಗ್ಯಾಗ ಬಾಯಿ ತಕ್ಕೊಂಡು ಕುಡೀತೈತಿ. ಒಂದು ಮಳಿ ಬಿದ್ದ ಕೂಡ್ಲೆ ಬಾಯಿ ಮುಚ್ಚಿ ಹೊಟ್ಟಿ ಉಬ್ಬಸ್ತೈತಿ. ಪಾಯದ ಮಗ್ಗಲಿಗೇ ನೀರಿನ ತೊಟ್ಟಿ ಕಟ್ಟಿದಂಗ ಆಕ್ಕೈತ್ರಿ. ನೀರು ಗ್ವಾಡಿ ಬಿಟ್ಟು ದೂರ ಓಣಿಗೆ ಹೋಗಬೇಕು.”

ಸಾಹುಕಾರರು ನಕ್ಕರು. “ಉಬ್ಬೂದು ಎರಿ ಹೊಟ್ಟಿ ಆಮ್ಯಾಲ ನೋಡೂಣು. ಈಗ ಉರಿಯಾಕತ್ತಿದ್ದು ನಿನ್ನ ಹೊಟ್ಟಿ, ಗೌಂಡ್ಯಾ.”

ಎಲ್ಲರೂ ನಕ್ಕರು. ನೀರು ತಂದ ಆಳೂ ನಕ್ಕ. ನನ್ನ ಹೊಟ್ಟೆ ಉರಿಯುತ್ತಿದ್ದುದು ನಿಜ. ಎರೆಯ ಬಗ್ಗೆ ನಾನು ಹೇಳಿದ್ದೂ ಅಷ್ಟೇ ನಿಜ. ಆದರೆ ಎರಡೂ ಒಂದೇ ಬಾಯಿಂದ ಬಂದದ್ದರಿಂದ ಒಂದರ ಜೊತೆ ಇನ್ನೊಂದೂ ಹಾಳಾಯಿತು. ಅದರ ಮೇಲೆ ಸಾಹುಕಾರರು ಇನ್ನೊಂದು ಮಾತು ಹೇಳಿದರು: “ಈ ಸಲಾನೂ ಬಿರುಕು ಬಿಡ್ತಂದ್ರ, ಮಳಿಗಾಲ ಮುಗದ ಮ್ಯಾಲ ಈ ಗ್ವಾಡಿ ಕೆಡವಿ ಮೇಸ್ತ್ರಿಯವರ ಕೈಲೇ ಕಟ್ಟಸ್ತೀನಿ.”

ನಾನು ಕಟ್ಟಿದ ಗೋಡೆ, ಅವನ ಕೈಯಲ್ಲಿ ಕೆಡಹುವ ಪಿಕಾಸಿ. ಊಟಕ್ಕೆ ಕೂತರೂ ಕಣ್ಣ ಮುಂದೆ ಅದೇ.

ಬಿರುಕು ತುಂಬುವ ಕೆಲಸ ನನ್ನ ಪಾಲಿಗೇ ಉಳಿದಿತ್ತು. ಹಾಗಾಗಿ ಅವನು ಕಂದಕ ತುಂಬುವುದನ್ನು ನಾನು ಏಣಿಯ ಮೇಲೆ ನಿಂತು ನೋಡಿದೆ. ತಪ್ಪು ಕೆಲಸವನ್ನು ಅಷ್ಟು ಚೆಂದ ಮಾಡಿದವರನ್ನು ನಾನು ಕಂಡಿಲ್ಲ. ಒಂದೊಂದು ಕಲ್ಲನ್ನೂ ತಿರುಗಿಸಿ ನೋಡಿ ಕೂಡಿಸುತ್ತಿದ್ದ. ಆಳುಗಳನ್ನು ಬೈಯುತ್ತಿರಲಿಲ್ಲ, ಆದರೂ ಅವರು ಓಡಾಡಿ ಕೆಲಸ ಮಾಡುತ್ತಿದ್ದರು. ನನ್ನ ಬುತ್ತಿಯಲ್ಲಿದ್ದ ಗುರೆಳ್ಳು ಪುಡಿಯನ್ನು ಒಂದು ದಿನ ರುಚಿ ನೋಡಿ, “ನಿಮ್ಮ ಮನ್ಯಾಗ ಭಾಳ ಛಲೋ ಮಾಡ್ತಾರ್ರಿ ಅಣ್ಣಾರ,” ಅಂದ. ಅದನ್ನು ನನ್ನ ಹೆಂಡತಿಗೆ ಹೇಳಿದ್ದು ನನ್ನ ಬುದ್ಧಿಗೇಡಿತನ. ಮರುದಿನದಿಂದ ಅವಳು ಅವನಿಗೆಂದೇ ಬೇರೆ ಗಂಟು ಕಟ್ಟತೊಡಗಿದಳು. “ನೀವು ಇಷ್ಟು ವರ್ಷ ತಿಂದ್ರಿ, ಒಂದು ದಿನಾ ಛಲೋ ಐತಿ ಅಂದೀರೇನು?” ಎಂದು ನನಗೇ ಕೇಳಿದಳು.

ಬಿರುಕು ತುಂಬಿದ ಮೇಲೆ ಅದಕ್ಕೆ ಅಡ್ಡಲಾಗಿ ಅಲ್ಲಲ್ಲಿ ಗಚ್ಚಿನ ಬಿಲ್ಲೆ ತಟ್ಟಿದೆ. ರೊಟ್ಟಿ ತಟ್ಟಿದ ಹಾಗೆ ತೆಳ್ಳಗೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಆ ಬಿಲ್ಲೆ ಸೀಳುತ್ತದೆ. ಗೋಡೆಯ ನಾಡಿ ನೋಡುವುದಕ್ಕೆ ಅಪ್ಪ ಕಲಿಸಿದ ಉಪಾಯ.

ಮುಂಗಾರಿನ ಮಿರಗದ ಮಳೆ ಚೆನ್ನಾಗಿಯೇ ಹೊಡೆಯಿತು. ಮೊದಲ ಮಳೆಯನ್ನು ಕಂದಕ ನುಂಗಿತು; ಓಣಿಯವರು ಬಂದು ನೋಡಿ ಹೊಗಳಿ ಹೋದರು. ಎರಡನೆಯ ಮಳೆಗೆ ಅಂಗಳದ ಸೀಳುಗಳೆಲ್ಲ ಮುಚ್ಚಿಕೊಂಡವು. ಮೂರನೆಯದಕ್ಕೆ ನೀರು ಉಸುಕಿನ ಮೇಲೆ ಬಂದು ನಿಂತಿತು, ಅಲ್ಲೇ ಇತ್ತು. ಮಳೆ ಬಿಟ್ಟು ಹೊಳವಾದ ಮೇಲೆ ನಾನು ಹೋಗಿ ನೋಡಿದರೆ ಬಿಲ್ಲೆಗಳೆಲ್ಲ ಸೀಳಿದ್ದವು. ಬಿರುಕು ಹಿಂದಿನ ವರ್ಷಕ್ಕಿಂತ ಅಗಲವಾಗಿತ್ತು.

ಖುಷಿಯಾಯಿತು. ಹೌದು, ನನ್ನದೇ ಗೋಡೆ ಸೀಳಿದ್ದು ನೋಡಿ ಒಂದು ಗಳಿಗೆ ಹಾಲು ಕುಡಿದಷ್ಟು ಖುಷಿ. ಮೇಸ್ತ್ರಿಯವರ ಕಪ್ಪುಬಸಿ ಇನ್ನು ಬಂದ್ ಎಂದುಕೊಂಡೆ. ಅಷ್ಟರಲ್ಲಿ ಸಾಹುಕಾರರು ಒಳಗಿನಿಂದ ಬಂದು ಬಿರುಕನ್ನು ನೋಡಿದರು, ನನ್ನನ್ನು ನೋಡಿದರು.

“ಏನು ಗ್ವಾಡಿ ಕಟ್ಟಿದ್ಯೋ ಮಾರಾಯಾ! ಅಂಥಾ ಮೇಸ್ತ್ರಿ ಅಷ್ಟು ಮಾಡಿದ್ರೂ ಉಳೀವಲ್ದು ಅಂದ ಮ್ಯಾಲ ಕೆಡವೂದ ಖರೆ.”

ಅವನು ಸೋತದ್ದು ನನ್ನ ಗೋಡೆಯ ಮೇಲೆಯೇ ಕಾಣುತ್ತಿತ್ತು, ಆದರೆ ನೋಡಿದವರಿಗೆಲ್ಲ ಅದು ನನ್ನ ಸೋಲಾಗಿ ಕಂಡಿತು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನಾನು ಇನ್ನು ಏನು ಹೇಳಿದರೂ ಅವರಿಗೆ ಕೇಳಿಸುವುದು ಹೊಟ್ಟೆಕಿಚ್ಚೇ. ಅದೇ ಮಾತು ಅವನ ಬಾಯಿಂದ ಬಂದರೆ ಕೆಲಸ ಇವತ್ತೇ ಆಗುತ್ತದೆ. ಇಷ್ಟು ಹೊಳೆಯಲಿಕ್ಕೆ ಬುದ್ಧಿ ಹೆಚ್ಚು ಬೇಕಿರಲಿಲ್ಲ. ಅವನ ಹತ್ತಿರ ಹೋಗಲಿಕ್ಕೆ ಮಾತ್ರ ಕಾಲು ಏಳಲಿಲ್ಲ.

ಕಡೆಗೂ ಹೋದೆ. ಸಾಹುಕಾರರ ಹೊಸ ಹತ್ತಿ ಗೋದಾಮಿನ ಕೆಲಸವೂ ಅವನಿಗೇ ಸಿಕ್ಕಿತ್ತು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಲ್ಲಿಗೆ ಹೆಗಲ ಮೇಲೆ ನೀರಿನ ಕೊಡ ಹೊತ್ತು ಪೇಟೆಯಲ್ಲಿ ನಡೆದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗೋದಾಮಿನ ಪಕ್ಕದ ಎರೆಯಲ್ಲಿ ಮೊಣಕಾಲುದ್ದ ತಗ್ಗು ತೋಡಿ ಕೊಡ ಬಗ್ಗಿಸಿದೆ.

“ಏನು ಮಾಡಾಕತ್ತೀರಿ ಅಣ್ಣಾರ?” ಅಂದ ಅವನು.

“ಬ್ಯಾಸಗ್ಯಾಗ ನೀವು ಮಾಡಿದ್ದ ಮಾಡಾಕತ್ತೀನ್ರಿ. ಈಗ ಮಳಿಗಾಲ, ಅಷ್ಟ ಫರಕ.”

ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಕೂತು ನೋಡಿದೆವು. ನೀರು ಅಲುಗಲಿಲ್ಲ. ಸಂಜೆಗೂ ಅಷ್ಟೇ ಇತ್ತು. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ತಗ್ಗಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಎದುರಿಗೆ ಒಂದು ನಾಯಿ ನಿಂತು ಆ ನೀರು ಕುಡಿಯುತ್ತಿತ್ತು. ಎರೆ ಕುಡಿದಿರಲಿಲ್ಲ.

“ನಮ್ಮ ಕಡೆ ಹೊಳಿ ದಂಡಿ ಉಸುಕು ಮಣ್ಣು. ಹಾಕಿದ ನೀರು ಹಾಕಿದಂಗ ಇಳೀತೈತಿ. ಅದನ್ನ ತಲ್ಯಾಗ ಇಟಗೊಂಡು ಮಾಡಿದೆ. ನನ್ನ ತಪ್ಪು ಅಣ್ಣಾರ,” ಅಂದ. ಎಷ್ಟು ಸಲೀಸಾಗಿ ಅಂದುಬಿಟ್ಟ! ಅವನು ಕೆಟ್ಟವನಾಗಿದ್ದರೆ, ಜಂಬಗಾರನಾಗಿದ್ದರೆ ನನಗೆ ಎಷ್ಟೋ ಸುಖವಿತ್ತು. ಅದೂ ಇಲ್ಲ.

“ಇವತ್ತ ಸಾಹುಕಾರ್ರಿಗೆ ಹೇಳ್ತೀನ್ರಿ, ಗೌಂಡಿ ಅಣ್ಣಾರು ಹೇಳಿದ್ದ ಖರೆ ಅಂತ.”

“ಬ್ಯಾಡ್ರಿ,” ಅಂದೆ. “ನನ್ನ ಹೆಸರು ತಗದ್ರ ಕೆಲಸ ಕೆಡ್ತೈತಿ. ನೀವು ಪಾಪ ಅಂತ ನನ್ನ ಮರ್ಯಾದಿ ಉಳಸಾಕತ್ತೀರಿ ಅಂತ ತಿಳೀತಾರ. ನಿಮ್ಮ ವಿಚಾರ ಅಂತ ಹೇಳ್ರಿ.”

ಅವನು ತಲೆ ಅಲ್ಲಾಡಿಸಿದ. “ಇದು ನ್ಯಾಯ ಅಲ್ರಿ ಅಣ್ಣಾರ.”

“ನ್ಯಾಯ ತಗೊಂಡು ಏನ್ ಮಾಡ್ಲಿ? ನನಗ ಗ್ವಾಡಿ ಬೇಕು.”

ಆ ಮಧ್ಯಾಹ್ನ ಸಾಹುಕಾರರ ಪಡಸಾಲೆಯ ಕಂಬಕ್ಕೆ ಒರಗಿ ನಿಂತು, ನನ್ನ ಮಾತುಗಳು ಇನ್ನೊಬ್ಬನ ಬಾಯಿಂದ ಹೊರಬೀಳುವುದನ್ನು ಕೇಳಿದೆ. ಬೇಸಿಗೆಯಲ್ಲಿ ಬಾಯಿ ತೆರೆದು ಕುಡಿಯುತ್ತದೆ, ಮಳೆಗೆ ಬಾಯಿ ಮುಚ್ಚಿ ಹೊಟ್ಟೆ ಉಬ್ಬಿಸುತ್ತದೆ. ಒಂದಕ್ಷರ ಬಿಡಲಿಲ್ಲ. ಸಾಹುಕಾರರು ತಲೆದೂಗಿದರು. “ನೋಡು, ತಿಳಿದವರು ಹೆಂಗ ಬಿಡಿಸಿ ಹೇಳ್ತಾರ,” ಎಂದು ನನ್ನ ಕಡೆ ತಿರುಗಿ ಅಂದರು. ನಾನು ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದೂ ನಾನೇ ನಿಲ್ಲಿಸಿದ ಕಂಬ.

ಒಪ್ಪದವರು ಅವ್ವ. “ಹನಿ ನೀರಿಗೆ ಹಳ್ಳಕ್ಕ ಹೋಗೋ ಊರಾಗ, ಅಂಗಳಕ್ಕ ಬಂದ ನೀರು ಓಣಿಗೆ ಬಿಡ್ತೀರೇನು? ನಾ ಇರೂತನ ಆಗಂಗಿಲ್ಲ.”

ನನ್ನ ಯೋಜನೆಯಲ್ಲಿ ನೀರು ಓಣಿಗೇ ಹೋಗುತ್ತಿತ್ತು. ಅವನಿಗೂ ನಾನು ಅಷ್ಟೇ ಹೇಳಿಕೊಟ್ಟಿದ್ದೆ. ಅವನು ಮಾತ್ರ ತಡವರಿಸಲಿಲ್ಲ.

“ಓಣಿಗೆ ಯಾಕ್ರಿ ಅವ್ವಾರ? ಹಿತ್ತಲ ಕಡೀ ಮೂಲ್ಯಾಗ ನಿಮ್ಮ ಎಮ್ಮಿ ಕೊಟ್ಟಿಗಿ ಐತಿ. ಅಲ್ಲಿ ಒಂದು ಗಚ್ಚಿನ ತೊಟ್ಟಿ ಕಟ್ಟೂಣು. ಮಾಳಿಗಿ ನೀರು ಎಮ್ಮಿಗೆ ಆತು. ಅದರಾಚೆ ಬಾಳಿ ಗಿಡ ಹಚ್ರಿ, ಬಚ್ಚಲ ನೀರು ಅದಕ್ಕ ಹೋಗ್ಲಿ, ಮಲ್ಲಿಗಿನೂ ಅಲ್ಲೇ ಹಚ್ರಿ. ನೀರು ಗ್ವಾಡಿ ಬಿಡ್ತೈತಿ, ಮನಿ ಬಿಡಂಗಿಲ್ಲ.”

ಅವ್ವ ಒಪ್ಪಿದರು. ನನ್ನ ಮಾತು ಅವನ ಬಾಯಲ್ಲಿ ಹೊಳೆದದ್ದನ್ನು ಹೇಗೋ ಸಹಿಸಿದ್ದೆ. ಆದರೆ ಈ ತೊಟ್ಟಿಯ ಮಾತು ಅವನದೇ ಸ್ವಂತದ್ದು, ಮತ್ತು ಅದು ಒಳ್ಳೆಯ ಮಾತು. ಆ ಮನೆಯಲ್ಲಿ ಇಷ್ಟು ದಿನ ಓಡಾಡಿದ ನನಗೆ ಎಮ್ಮೆ ಯಾಕೆ ನೆನಪಾಗಲಿಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಹೋದೆ.

ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಕೆಲಸ ಹಿಡಿದೆವು. ಮೊದಲು ಅವನು ತುಂಬಿದ ಕಲ್ಲುಗಳನ್ನೆಲ್ಲ ಹೊರಗೆ ತೆಗೆದೆವು. ಅವುಗಳ ಸಂದಿನಲ್ಲಿ ನೀರು ಇನ್ನೂ ತಣ್ಣಗೆ ಕೂತಿತ್ತು. ಅದನ್ನು ಮೊಗೆದು ಹಾಕಿ, ಕಂದಕವನ್ನು ಒಣಗಲು ಬಿಟ್ಟೆವು. ಆಮೇಲೆ ಎರೆಗೆ ಗರಸು ಕಲಸಿ, ಅಂಗೈ ದಪ್ಪ ಒಂದು ಪದರ ಹಾಕುವುದು, ದಿಮ್ಮಸಿನಿಂದ ಬಡಿಯುವುದು, ಮತ್ತೊಂದು ಪದರ. ಒಮ್ಮೆಲೇ ತುಂಬಿದರೆ ಒಳಗೆ ಟೊಳ್ಳು ಉಳಿದು ನೀರು ಅಲ್ಲೇ ಮನೆ ಮಾಡುತ್ತದೆ. ಮಣ್ಣು ಹೆಚ್ಚು ಒದ್ದೆಯಿದ್ದರೆ ದಿಮ್ಮಸಿಗೆ ಅಂಟುತ್ತದೆ, ಒಣಗಿದ್ದರೆ ಪುಡಿಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಹತ್ತಬಾರದು. ಅದು ನನ್ನ ಪಾಲಿನ ಕೆಲಸ, ಅದರಲ್ಲಿ ನಾನು ಅವನಿಗೆ ಕೈಯಿಡಲು ಬಿಡಲಿಲ್ಲ.

ಅದರ ಮೇಲೆ ಗೋಡೆಯಿಂದ ಹೊರಕ್ಕೆ ಇಳಿಯುವಂತೆ ಫರಸಿ ಕಲ್ಲು ಹಾಸಿ ಸಂದುಗಳಿಗೆ ಗಚ್ಚು ತುಂಬಿದೆವು. ಹರನಾಳವನ್ನು ಉದ್ದ ಮಾಡಿ ನೀರು ಗೋಡೆಗೆ ಸಿಡಿಯದಂತೆ ಮಾಡಿದೆವು. ಅವ್ವನ ಒಡ್ಡನ್ನು ನಾನೇ ಕಿತ್ತೆ, ಬಚ್ಚಲ ನೀರಿಗೆ ಹಿತ್ತಲ ಬಾಳೆಯವರೆಗೆ ಬೇರೆ ದಾರಿ ಮಾಡಿದೆ. ಫರಸಿಯ ಅಂಚಿನಿಂದ ಹಿತ್ತಲ ತೊಟ್ಟಿಯವರೆಗೆ ಕಲ್ಲಿನ ಗಟಾರ. ಅದಕ್ಕೆ ಇಳಿಜಾರು ಹಿಡಿಯುವಾಗ ಅವನು ರಸಮಟ್ಟವನ್ನು ನನ್ನ ಕೈಗೆ ಕೊಟ್ಟ. ಆಹಾ, ಅದರ ತೂಕ! ಪ್ರತಿ ಕಲ್ಲಿಗೂ ಗುಳ್ಳೆ ಅದೇ ಕಡೆ ಅಷ್ಟೇ ಸರಿದು ನಿಲ್ಲುವಂತೆ ಮುಂದೆ ಮುಂದೆ ಕಲ್ಲು ಕೂಡಿಸುತ್ತ ಹೋದೆವು. ಸಂಜೆ ಅದನ್ನು ತಿರುಗಿ ಕೊಡುವಾಗ ಅದರ ಮೇಲಿದ್ದ ನನ್ನ ಕೈ ಬೆವರನ್ನು ಅವನು ಕೆಂಪು ಬಟ್ಟೆಯಿಂದ ಒರೆಸಿದ. ಅವನು ಏನೂ ಮನಸ್ಸಿನಲ್ಲಿಟ್ಟು ಒರೆಸಿದ್ದಲ್ಲ, ಆದರೂ ನನಗೆ ಚುಚ್ಚಿತು.

ಬಿರುಕನ್ನು ಮತ್ತೆ ತುಂಬಿ, ಮತ್ತೆ ಬಿಲ್ಲೆ ತಟ್ಟಿದೆ. ಉತ್ತರಿ ಮಳೆ ಬಂತು, ಹಗಲೂ ಇರುಳೂ ಬಿಡದೆ ಜಡಿಯಿತು. ಬಯಲಿನಲ್ಲಿ ಚಕ್ಕಡಿಗಳು ಗಾಲಿಯ ನಡುವಿನ ಗುಂಬದವರೆಗೆ ಹೂತು ನಿಂತವು. ಕುಕನೂರಿನಲ್ಲಿ ಕೂತು ನನಗೆ ಅನ್ನ ಇಳಿಯಲಿಲ್ಲ. ಮಳೆ ನಿಂತ ಮೇಲೆ ಕೈಯಲ್ಲಿ ಚಪ್ಪಲಿ ಹಿಡಿದು, ಹೆಜ್ಜೆಗೊಮ್ಮೆ ಕಾಲಿಗೆ ಅಂಟುವ ಎರೆಯನ್ನು ಕೆರೆದು ಹಾಕುತ್ತ ಯಲಬುರ್ಗಾ ಮುಟ್ಟಿದೆ. ಗಟಾರದಲ್ಲಿ ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು. ತೊಟ್ಟಿ ತುಂಬಿತ್ತು. ಗೋಡೆಯ ಹತ್ತಿರ ಹೋಗಿ ಬಿಲ್ಲೆಗಳ ಮೇಲೆ ಒಂದೊಂದಾಗಿ ಉಗುರು ಎಳೆದು ನೋಡಿದೆ. ಒಂದೂ ಸೀಳಿರಲಿಲ್ಲ. ಅಲ್ಲೇ ಫರಸಿಯ ಮೇಲೆ ಕೂತು ಅತ್ತೆ.

ಅವ್ವ ಕಟ್ಟೆಗೆ ಬಂದು ನೋಡಿದರು. “ಯಾಕೋ ಗೌಂಡ್ಯಾ, ಮೇಸ್ತ್ರಿಯವರ ಕೆಲಸ ನೋಡಿ ಇನ್ನೂ ಹೊಟ್ಟಿ ಉರೀತೈತೇನು?”

“ಹೂನ್ರಿ ಅವ್ವಾರ,” ಅಂದೆ. ಅದೂ ಸುಳ್ಳಲ್ಲ.

ಗೋಡೆ ಕೆಡಹುವ ಮಾತು ಮತ್ತೆ ಬರಲಿಲ್ಲ. ಗೋದಾಮು ಮುಗಿಸಿ ಮೇಸ್ತ್ರಿ ತನ್ನ ಊರಿಗೆ ಹೋದ. ಹೋಗುವಾಗ ನನ್ನ ಮನೆಗೆ ಬಂದು, ಹೆಂಡತಿ ಕಟ್ಟಿಕೊಟ್ಟ ಗುರೆಳ್ಳು ಪುಡಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಅವನು ಹೋದರೂ ಹೆಸರು ಇಲ್ಲೇ ಉಳಿಯಿತು. ಎರೆ ಸೀಮೆಯಲ್ಲಿ ಮನೆ ಕಟ್ಟುವವರೆಲ್ಲ ಗಂಗಾವತಿ ಗಟಾರ, ಗಂಗಾವತಿ ಗಟಾರ ಅನ್ನತೊಡಗಿದರು.

ಕೆಲವು ವರ್ಷಗಳ ಮೇಲೆ ಕುಷ್ಟಗಿಯಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಹೊಸ ಮನೆಯೂ ಎರೆಯಲ್ಲೇ. ಯಲಬುರ್ಗಾಕ್ಕೆ ಕರೆದುಕೊಂಡು ಹೋಗಿ ಸಾಹುಕಾರರ ಮನೆ ತೋರಿಸಿದೆ. ಅವರು ಗಟಾರದ ಕಲ್ಲು ಸವರಿದರು, ಸಂದು ನೋಡಿದರು, ತೊಟ್ಟಿಯವರೆಗೆ ನಡೆದು ಹೋಗಿ ತಿರುಗಿ ಬಂದರು. ಆಯಾಸವಾಗಿತ್ತೇನೋ, ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ನಿಂತರು. ಸುಣ್ಣದ ಕೆಳಗೆ ನನ್ನ ಬಿಲ್ಲೆಗಳು ಅವರ ಭುಜದ ಪಕ್ಕದಲ್ಲೇ ಉಬ್ಬಿಕೊಂಡಿದ್ದವು.

“ಭಾಳ ಛಲೋ ಮಾಡ್ಯಾರ್ರಿ. ಇಂಥಾದ್ದು ನಿಮಗ ಬರ್ತೈತೇನು?”

“ಬರ್ತೈತ್ರಿ.”

“ಗಂಗಾವತಿ ಮೇಸ್ತ್ರಿಯವರ ಕೈಯಾಗ ಕಲ್ತೀರೇನು?” ಎಂದು ಕೇಳಿದರು, ಮೈಭಾರವನ್ನೆಲ್ಲ ನನ್ನ ಗೋಡೆಯ ಮೇಲೆ ಬಿಟ್ಟುಕೊಂಡು.

“ಹೌದ್ರಿ,” ಅಂದೆ.